ಮೊದಲು ನೀರಿನ ದಾರಿ, ಆಮೇಲೆ ಸೈಟಿನ ಗೆರೆ

ಎರಡು ತಿಂಗಳ ಹಿಂದೆ ದೊಡ್ಡಪ್ಪನ ಮಕ್ಕಳಿಬ್ಬರೂ ಮನೆಗೆ ಬಂದು, ಊರಿನ ಮೂಡಲಿಗಿರುವ ನಮ್ಮ 5 ಎಕರೆ 20 ಗುಂಟೆ ಜಮೀನನ್ನು ಲೇಔಟ್ ಮಾಡಿಸಲು ಕುಟುಂಬದಲ್ಲಿ ಒಪ್ಪಿಗೆಯಾಗಿದೆ ಎಂದು ತಿಳಿಸಿದರು. ಕೋಲಾರ ತಾಲ್ಲೂಕಿನಲ್ಲಿ ಪರವಾನಗಿ ಪಡೆದ ಭೂಮಾಪಕನಾಗಿ ಹದಿನಾರು ವರ್ಷ ಕೆಲಸ ಮಾಡಿರುವುದರಿಂದ ಅಳತೆಯ ಕೆಲಸ ನನ್ನ ಪಾಲಿಗೆ ಬಂತು. ಬೇಡವೆನ್ನುವ ಮನಸ್ಸು ನನಗೆ ಬರಲಿಲ್ಲ. ಆ ಜಮೀನಿನ ಎರಡು ಬೋರ್‌ವೆಲ್‌ಗಳು ಬತ್ತಿ ವರ್ಷಗಳಾಗಿವೆ, ರಾಗಿ ಬೆಳೆದರೆ ಕೂಲಿಯ ದುಡ್ಡೂ ಹುಟ್ಟುವುದಿಲ್ಲ, ನರಸಾಪುರ ಮತ್ತು ವೇಮಗಲ್‌ನ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದವರಿಗೆ ಮನೆ ಬೇಕು. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದು ಆದ ಮೇಲೆ, ನಮ್ಮ ಕಡೆ ರಸ್ತೆ ಬದಿಯ ಹೊಲಗಳಲ್ಲಿ ಸೈಟಿನ ಕಲ್ಲು ನಿಲ್ಲುವ ವೇಗ ಇನ್ನಷ್ಟು ಹೆಚ್ಚಿದೆ. ಆದ್ದರಿಂದ ಲೇಔಟ್ ಬೇಕೇ ಬೇಡವೇ ಎಂಬ ಚರ್ಚೆಯನ್ನು ನಾನು ಇಲ್ಲಿ ಎತ್ತುವುದಿಲ್ಲ. ಮಾಡುವುದೇ ನಿಶ್ಚಯವಾದ ಮೇಲೆ ನೆಲಕ್ಕೆ, ನೀರಿಗೆ, ಮರಗಳಿಗೆ ಆದಷ್ಟು ಕಡಿಮೆ ಪೆಟ್ಟು ಬೀಳುವಂತೆ ಮಾಡುವುದು ಹೇಗೆ ಎಂಬುದಷ್ಟೇ ನನ್ನ ವಿಷಯ. ಆ ಪೆಟ್ಟಿನ ಹೆಚ್ಚು ಭಾಗ ಮನೆ ಕಟ್ಟುವಾಗ ಬೀಳುವುದಲ್ಲ. ಜೆಸಿಬಿ ಹೊಲಕ್ಕೆ ಇಳಿದ ಮೊದಲ ವಾರದಲ್ಲೇ ಬಿದ್ದು ಮುಗಿದಿರುತ್ತದೆ. ಇಷ್ಟು ವರ್ಷಗಳ ಕೆಲಸದಲ್ಲಿ ನನಗೆ ಖಚಿತವಾಗಿರುವ ಮಾತು ಇದು.

ಇದನ್ನು ನಾನು ಕಲಿತದ್ದು 2021ರ ನವೆಂಬರ್‌ನಲ್ಲಿ. ಆ ವರ್ಷ ಅಕಾಲದಲ್ಲಿ ಸುರಿದ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಎಷ್ಟೋ ಕೆರೆಗಳು ವರ್ಷಗಳ ನಂತರ ಕೋಡಿ ಹರಿದವು. ಕೋಡಿ ಹರಿದ ಕೆರೆಗೆ ಬಾಗಿನ ಕೊಡಲು ಜನ ಸಾಲುಗಟ್ಟಿ ಹೋಗುತ್ತಿದ್ದ ಅದೇ ವಾರ, ಬೆಳಿಗ್ಗೆ ಆರು ಗಂಟೆಗೆ ನನಗೊಂದು ಫೋನ್ ಬಂತು. ಮೂರು ವರ್ಷ ಹಿಂದೆ ನಾನೇ ಹದ್ದುಬಸ್ತು (ಗಡಿ ಗುರುತಿಸುವ) ಅಳತೆ ಮಾಡಿಕೊಟ್ಟಿದ್ದ ಒಂದು ಲೇಔಟಿನ ಕೊನೆಯ ಸಾಲಿನ ಮನೆಗಳಿಗೆ ರಾತ್ರಿ ನೀರು ನುಗ್ಗಿತ್ತು. ಹೋಗಿ ನೋಡಿದರೆ ಮೊಣಕಾಲಿನವರೆಗೆ ಕೆಂಪು ನೀರು. ಒಂದು ಮನೆಯಲ್ಲಿ ರಾಗಿ ಮೂಟೆ, ಮಕ್ಕಳ ಶಾಲೆಯ ಚೀಲ, ಗ್ಯಾಸ್ ಒಲೆ ಎಲ್ಲವನ್ನೂ ಮಂಚದ ಮೇಲೆ ಏರಿಸಿ, ಆ ಮನೆಯ ಹೆಂಗಸು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಸಾಲ ಮಾಡಿ ಕೊಂಡ ಸೈಟು, ಸಾಲ ಮಾಡಿ ಕಟ್ಟಿದ ಮನೆ. ನನ್ನನ್ನು ಗುರುತು ಹಿಡಿದು, "ನೀವೇ ಅಲ್ವೇನಣ್ಣ ಅವತ್ತು ಕಲ್ಲು ನೆಡ್ಸಿದ್ದು?" ಎಂದರು. ಆ ಪ್ರಶ್ನೆಗೆ ಹೌದೆನ್ನುವುದರ ಹೊರತು ನನ್ನಲ್ಲಿ ಉತ್ತರವಿರಲಿಲ್ಲ.

ಆ ಜಮೀನಿನ ನಡುವೆ ಮೇಲಿನ ಕುಂಟೆಯಿಂದ ಕೆಳಗಿನ ಕೆರೆಗೆ ಹೋಗುವ ಒಂದು ಕಾಲುವೆ ಇತ್ತು. ಅಗಲ ಸುಮಾರು 3 ಮೀಟರ್, ಆಳ 1 ಮೀಟರ್, ಎರಡೂ ಬದಿಗೆ ಲಂಟಾನ ಮತ್ತು ಹೊಂಗೆ. ಗ್ರಾಮ ನಕ್ಷೆಯಲ್ಲಿ ಜೋಡಿ ಗೆರೆಯಾಗಿ ಸ್ಪಷ್ಟವಾಗಿಯೇ ಇದ್ದ ಅದನ್ನು ನಾನೂ ನನ್ನ ನಕಾಶೆಯಲ್ಲಿ ತೋರಿಸಿದ್ದೆ. ಲೇಔಟ್ ಮಾಡಿದವರು ಅದರೊಳಗೆ ಎರಡು ಅಡಿ ವ್ಯಾಸದ ಹ್ಯೂಮ್ (ಕಾಂಕ್ರೀಟ್) ಪೈಪ್ ಇಳಿಸಿ, ಮೇಲೆ ಗ್ರಾವೆಲ್ ತುಂಬಿ ರಸ್ತೆ ಎಳೆದಿದ್ದರು. ಬೇಸಿಗೆಯಲ್ಲಿ ನೋಡಿದವರಿಗೆ ಕಾಲುವೆ ಉಳಿದಿದೆ ಎಂದೇ ಅನಿಸುತ್ತಿತ್ತು, ಏಕೆಂದರೆ ಪೈಪಿನ ಎರಡು ಬಾಯಿಗಳು ಎರಡು ಕಡೆ ಕಾಣುತ್ತಿದ್ದವು. ಲೆಕ್ಕ ಹಾಕಿದರೆ ವಿಷಯ ತಿಳಿಯುತ್ತದೆ: ಮೊದಲಿದ್ದ ಕಾಲುವೆಯಲ್ಲಿ ನೀರು ಹರಿಯಲು 3 ಚದರ ಮೀಟರ್ ಜಾಗವಿತ್ತು, ಎರಡು ಅಡಿಯ ಪೈಪಿನಲ್ಲಿ ಇರುವುದು 0.28 ಚದರ ಮೀಟರ್. ಹತ್ತರಲ್ಲಿ ಒಂದು ಭಾಗವೂ ಇಲ್ಲ. ಅದರ ಬಾಯಿಗೆ ಸೌದೆ, ಪ್ಲಾಸ್ಟಿಕ್, ಟೊಮೆಟೊ ಗಿಡದ ಕಡ್ಡಿಗಳು ಬಂದು ಸಿಕ್ಕಿಕೊಂಡ ಮೇಲೆ ಅಷ್ಟೂ ಉಳಿಯಲಿಲ್ಲ. ಮೇಲ್ಗಡೆಯ ರೈತರೊಬ್ಬರ ಟೊಮೆಟೊ ತೋಟ ಎರಡು ದಿನ ನೀರಿನಲ್ಲಿ ನಿಂತು ಕೊಳೆತು ಹೋಯಿತು. ಕೆಳಗಿನ ಕೆರೆಗೆ ನೀರಿಗಿಂತ ಹೆಚ್ಚಾಗಿ ರಸ್ತೆಯ ಗ್ರಾವೆಲ್ ಹೋಗಿ ಸೇರಿತು. ಮಧ್ಯಾಹ್ನ ಜೆಸಿಬಿ ತರಿಸಿ ರಸ್ತೆಯನ್ನು ಒಡೆದ ಮೇಲೆಯೇ ಮನೆಗಳೊಳಗಿನ ನೀರು ಇಳಿದದ್ದು.

ಆ ದಿನದಿಂದ, ಗಡಿ ಅಳೆದು ಕಲ್ಲು ತೋರಿಸಿದರೆ ನನ್ನ ಕೆಲಸ ಮುಗಿಯಿತು ಎಂಬ ಭಾವನೆಯನ್ನು ಬಿಟ್ಟಿದ್ದೇನೆ. ನಮ್ಮ ಮನೆಯ ಜಮೀನಿನಲ್ಲಿ ಆ ತಪ್ಪು ಮರುಕಳಿಸಬಾರದೆಂದು, ಸೈಟುಗಳ ನಕ್ಷೆ ತಯಾರಿಸುವ ಎಂಜಿನಿಯರ್ ಹತ್ತಿರ ಹೋಗುವುದಕ್ಕೆ ಮೊದಲೇ ಎರಡು ಕೆಲಸ ಮಾಡಿದೆವು.

ಮೊದಲನೆಯದು ಕಾಗದದ ಕೆಲಸ. ಪಹಣಿಯೊಂದನ್ನೇ ನೋಡಿದರೆ ಸಾಲದು. ಗ್ರಾಮ ನಕ್ಷೆ, ಮೂಲ ಟಿಪ್ಪಣಿ (ಮೊದಲ ಸರ್ವೆಯಲ್ಲಿ ಬರೆದಿಟ್ಟ ಅಳತೆ), ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ಮೂರನ್ನೂ ತೆಗೆಸಿ ಒಂದಕ್ಕೊಂದು ತಾಳೆ ನೋಡಬೇಕು. ನಮ್ಮ ಗ್ರಾಮ ನಕ್ಷೆಗಳ ಅಳತೆ 1:7920, ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಸುಮಾರು 79 ಮೀಟರ್. ಮೂರು ಮೀಟರ್ ಅಗಲದ ಕಾಲುವೆ ಅದರಲ್ಲಿ ಅರ್ಧ ಮಿಲಿಮೀಟರ್ ಕೂಡ ಆಗುವುದಿಲ್ಲ. ಮೊಬೈಲಿನಲ್ಲಿ ಕಳುಹಿಸಿದ ಮಸುಕು ಚಿತ್ರದಲ್ಲಿ ಅಂಥ ಗೆರೆ ಕಾಣೆಯಾಗುವುದು ಸಹಜ. ಆದರೆ ಆಕಾರ್‌ಬಂದ್‌ನಲ್ಲಿ ಖರಾಬು ಎಷ್ಟು ಗುಂಟೆ ಎಂದು ಬರೆದಿರುತ್ತದೆ. ಸಾಗುವಳಿಗೆ ಬಾರದ ಬಂಡೆ, ದಿಣ್ಣೆಯಂಥದು ಎ ಖರಾಬು. ಹಳ್ಳ, ಕಾಲುವೆ, ದಾರಿಯಂಥ ಸಾರ್ವಜನಿಕ ಬಳಕೆಯದು ಬಿ ಖರಾಬು. ಎರಡನೆಯದು ಎಷ್ಟೇ ತಲೆಮಾರು ನಮ್ಮ ಬೇಲಿಯೊಳಗಿದ್ದರೂ ನಮ್ಮದಲ್ಲ. ನಮ್ಮ ಸರ್ವೆ ನಂಬರಿನಲ್ಲಿ ಆರು ಗುಂಟೆ ಬಿ ಖರಾಬು ಇದೆ ಎಂದು ತಿಳಿದಾಗ ಅಣ್ಣಂದಿರಿಗೇ ಆಶ್ಚರ್ಯವಾಯಿತು. ಮೂಡಲ ಅಂಚಿನ ಆ ಕಾಲುವೆಯನ್ನು ದೊಡ್ಡಪ್ಪನ ಕಾಲದಲ್ಲೇ ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದರು.

ಎರಡನೆಯದು ಕಾಲಿನ ಕೆಲಸ. ಊರಿನಲ್ಲಿ ಹಿಂದೆ ಕೆರೆಯ ನೀರುಗಂಟಿಯಾಗಿದ್ದ, ಅಂದರೆ ಹೊಲಗಳಿಗೆ ಕೆರೆಯ ನೀರು ಹಂಚುತ್ತಿದ್ದ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ತಾತ ಎಂದೇ ಕರೆಯುತ್ತೇವೆ. ಅವರನ್ನು ಬೆಳಿಗ್ಗೆ ಗಾಡಿಯಲ್ಲಿ ಕೂರಿಸಿಕೊಂಡು ಹೊಲಕ್ಕೆ ಕರೆದುಕೊಂಡು ಹೋದೆ. ಪಡುವಲ ಬದುವಿನ ಮೇಲೆ ನಿಂತು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ ತಾತ ಕೋಲಿನಿಂದ ನೆಲ ತೋರಿಸುತ್ತಾ, "ನೋಡಪ್ಪಾ, ಇಲ್ಲಿ ರಾಗಿ ಯಾವಾಗ್ಲೂ ಒಂದು ಮೊಳ ಎತ್ತರ ಬರ್ತಿತ್ತು. ಹುಬ್ಬೆ ಮಳೆ ಬಂದ್ರೆ ಎತ್ತು ಹೂತ್ಕೊಳ್ಳೋದು, ನೇಗಿಲು ಕಟ್ಟೋಕಾಗ್ತಿರಲಿಲ್ಲ" ಎಂದರು. ನಕ್ಷೆಯಲ್ಲಿ ಆ ಜಾಗಕ್ಕೆ ಯಾವ ಗುರುತೂ ಇಲ್ಲ. ಆಮೇಲೆ ಎತ್ತರ ತಗ್ಗು ಅಳೆಯುವ ಆಟೋ ಲೆವೆಲ್ ಉಪಕರಣ ಇಟ್ಟು ಇಡೀ ಜಮೀನಿನ ಮಟ್ಟ ತೆಗೆದು, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮಮಟ್ಟದ ಗೆರೆಗಳನ್ನು ಒಂದು ಅಡಿ ಎತ್ತರಕ್ಕೊಂದರಂತೆ ಎಳೆದು ನೋಡಿದಾಗ, ಪಡುವಲಿಂದ ಬರುವ ನೀರು ಒಟ್ಟುಗೂಡಿ ಕಾಲುವೆಯ ಕಡೆ ತಿರುಗುವ ತಗ್ಗು ತಾತ ಕೋಲು ಊರಿದ್ದ ಕಡೆಯೇ ಇತ್ತು. ಲೇಔಟಿಗೆಂದು ಬರುವವರು ಸಾಮಾನ್ಯವಾಗಿ ಉದ್ದ, ಅಗಲ, ಚಕ್ಕುಬಂದಿ ಮಾತ್ರ ಅಳೆಸುತ್ತಾರೆ. ಎತ್ತರ ತಗ್ಗು ಅಳೆಸುವುದಕ್ಕೆ ಇನ್ನೆರಡು ದಿನದ ಕೆಲಸ, ಒಂದು ಸೈಟಿನ ಬೆಲೆಯ ಮುಂದೆ ಏನೂ ಅಲ್ಲದ ಖರ್ಚು. ನನ್ನ ವೃತ್ತಿಯವರಲ್ಲಿ ನನ್ನ ವಿನಂತಿ ಏನೆಂದರೆ, ಗಿರಾಕಿ ಕೇಳದಿದ್ದರೂ ಇದನ್ನು ಮಾಡಿಸಿಕೊಳ್ಳಿ ಎಂದು ಒತ್ತಾಯಿಸಿ ಹೇಳಬೇಕು.

ಮಟ್ಟದ ಗೆರೆಗಳು ಏಕೆ ಬೇಕು ಎಂಬುದನ್ನು ಅಣ್ಣಂದಿರಿಗೆ ನಾನು ಹೀಗೆ ವಿವರಿಸಿದೆ. ನಮ್ಮ ಐದೂವರೆ ಎಕರೆಯ ಮೇಲೆ ಒಂದು ಸಂಜೆ 50 ಮಿಲಿಮೀಟರ್ ಮಳೆ ಬಿದ್ದರೆ ಒಟ್ಟು ನೀರು ಸುಮಾರು 11 ಲಕ್ಷ ಲೀಟರ್. ಉತ್ತ ಹೊಲದಲ್ಲಿ, ಬದುಗಳು ಗಟ್ಟಿಯಾಗಿದ್ದರೆ, ಅದರಲ್ಲಿ ಕಾಲು ಭಾಗ ಹೊರಗೆ ಹರಿಯಬಹುದು, ಮಿಕ್ಕದ್ದು ನೆಲಕ್ಕೆ ಇಳಿಯುತ್ತದೆ. ಅದೇ ನೆಲದ ಮೇಲೆ ತಾರಸಿ, ಡಾಂಬರು, ಸಿಮೆಂಟು ಚರಂಡಿ ಬಂದ ಮೇಲೆ ಮೂರರಲ್ಲಿ ಎರಡು ಭಾಗ ಹೊರಗೆ ಓಡುತ್ತದೆ, ಅಂದರೆ ಸುಮಾರು 7 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಲೆಕ್ಕದಲ್ಲಿ 140 ಟ್ಯಾಂಕರ್ ನೀರು, ಗಂಟೆ ಎರಡು ಗಂಟೆಯೊಳಗೆ, ಕೆಳಗಿನವರ ಹೊಲದ ಮೇಲೆ. ಮಾರ್ಚ್ ಬಂದರೆ ಅದೇ ಲೇಔಟಿನವರು ದುಡ್ಡು ಕೊಟ್ಟು ಟ್ಯಾಂಕರ್ ತರಿಸಿಕೊಳ್ಳುತ್ತಾರೆ. ನದಿಯ ಆಸರೆಯಿಲ್ಲದ, ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ ಕಾಣುವ, ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಫ್ಲೋರೈಡ್ ನೀರು ಎತ್ತುತ್ತಿರುವ ನಮ್ಮ ಜಿಲ್ಲೆಯಲ್ಲಿ ಬಿದ್ದ ಮಳೆಯನ್ನು ಹೀಗೆ ಓಡಿಸಿಬಿಡುವುದು ನನಗೆ ಸಹಿಸಲಾಗದ ಸಂಗತಿ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೊಳವೆಯ ಮೂಲಕ ತಂದು 2018ರಿಂದ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಆ ನೀರು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೋಗಲೂ ಇದೇ ಹಳೆಯ ಕಾಲುವೆಗಳೇ ಬೇಕು ಎಂಬುದನ್ನು ನೆನಪಿಡಬೇಕು.

ಎಂಜಿನಿಯರ್ ಮೊದಲು ತಂದ ನಕ್ಷೆಯಲ್ಲಿ 30x40ರ 104 ಸೈಟುಗಳಿದ್ದವು. ರಸ್ತೆಗಳು ನೇರವಾಗಿ ಮೇಲಿನಿಂದ ಕೆಳಕ್ಕೆ ಇಳಿದಿದ್ದವು, ಪಾರ್ಕು ವಾಯವ್ಯದ ಎತ್ತರದ ಮೂಲೆಯಲ್ಲಿ ಮೂರು ಮೂಲೆಯ ತುಂಡಾಗಿತ್ತು, ಕಾಲುವೆಯ ಪಕ್ಕಕ್ಕೇ ಒಂದು ಸಾಲು ಸೈಟು ಬಂದಿತ್ತು. ತಾತ ತೋರಿಸಿದ ತಗ್ಗಿನಲ್ಲಿ ಆರು ಸೈಟು. ಸೈಟಾಗಿ ಉಪಯೋಗಕ್ಕೆ ಬಾರದ ತುಂಡನ್ನು ಪಾರ್ಕು ಎಂದು ಬರೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಕಾನೂನಿನಂತೆ ಪಾರ್ಕಿಗೆ ಹೇಗೂ ಜಾಗ ಬಿಡಲೇಬೇಕಾದ ಮೇಲೆ, ಅದನ್ನು ನೀರು ಬಂದು ನಿಲ್ಲುವ ಕಡೆಯೇ ಏಕೆ ಬಿಡಬಾರದು? ಪಾರ್ಕನ್ನು ತಗ್ಗಿಗೆ ಇಳಿಸಿ, ಅಲ್ಲಿಂದ ಕಾಲುವೆಯ ಉದ್ದಕ್ಕೂ ಹಸಿರು ಪಟ್ಟಿಯಾಗಿ ಮುಂದುವರಿಸಿದೆವು. ರಸ್ತೆಗಳನ್ನು ಆದಷ್ಟು ಸಮಮಟ್ಟದ ಗೆರೆಗೆ ಹೊಂದಿಸಿ ಅಡ್ಡಡ್ಡ ತಿರುಗಿಸಿದೆವು. ಹಾಗೆ ಮಾಡಿದಾಗ ಅಗೆಯುವ ಮಣ್ಣೂ ತುಂಬುವ ಮಣ್ಣೂ ಕಡಿಮೆಯಾಯಿತು, ಚರಂಡಿಯ ನೀರಿನ ಓಟವೂ ನಿಧಾನವಾಗುತ್ತದೆ. ಕೊನೆಗೆ ಉಳಿದದ್ದು 99 ಸೈಟು.

ಐದು ಸೈಟು ಕಡಿಮೆಯಾದದ್ದಕ್ಕೆ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಚಿಕ್ಕಣ್ಣನಿಗೆ ಮಗಳ ಮದುವೆಯ ಖರ್ಚಿದೆ, ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಮಣ್ಣು ತುಂಬಿಸುವ ಲಾರಿಗಳ ಖರ್ಚು ಉಳಿಯುವುದನ್ನು ಎದುರಿಗಿಟ್ಟು ಲೆಕ್ಕ ಮಾಡಿದಾಗ ನಷ್ಟ ಅರ್ಧಕ್ಕರ್ಧ ಇಳಿಯಿತು. ಆ ತಗ್ಗಿನ ಆರು ಸೈಟು ಕೊಂಡವರ ಮನೆಗೆ ನೀರು ನುಗ್ಗಿದರೆ ಅವರು ನಮ್ಮ ಮನೆಯ ಬಾಗಿಲಿಗೇ ಬರುತ್ತಾರೆ, ನಾವು ಈ ಊರಿನಲ್ಲೇ ಇರುವವರು ಎಂಬ ಮಾತನ್ನು ಅತ್ತಿಗೆ ಹೇಳಿದ ಮೇಲೆ ಚಿಕ್ಕಣ್ಣ ಒಪ್ಪಿದರು.

ಕಾಲುವೆಯಿಂದ ಎಷ್ಟು ದೂರ ಬಿಡಬೇಕು ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಕಾಲಕಾಲಕ್ಕೆ ಬದಲಾಗಿದೆ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದು ಆದೇಶಿಸಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ 2015’ರಲ್ಲಿ ಕೆರೆಗೆ 30 ಮೀಟರ್, ಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ ನಡುಗೆರೆಯಿಂದ 50, 25, 15 ಮೀಟರ್ ಎಂದಿದೆ. ನಮ್ಮಲ್ಲಿ ಬಿಡುವುದು ಸ್ಥಳೀಯ ಯೋಜನಾ ಪ್ರಾಧಿಕಾರ ಹೇಳಿದಷ್ಟು. ಆದರೆ ಅದನ್ನು ಕನಿಷ್ಠ ಎಂದು ಓದಬೇಕೇ ಹೊರತು, ಅದರಾಚೆ ಏನು ಮಾಡಿದರೂ ನಡೆಯುತ್ತದೆ ಎಂದಲ್ಲ. ನವೆಂಬರ್ 2021ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಕ್ಕಪಕ್ಕದ ಹೊಲದವರನ್ನು ಕೇಳಿ, ಆ ಗುರುತಿನಿಂದ ಈಚೆಗೆ ನಾವು ಸೈಟಿನ ಗೆರೆ ಎಳೆದಿದ್ದೇವೆ.

ಇಲ್ಲಿ ಇನ್ನೊಂದು ದೊಡ್ಡ ಕೊರತೆಯಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಬಡಾವಣೆಯಂಥ ಯೋಜನೆ 50 ಹೆಕ್ಟೇರ್, ಅಂದರೆ 123 ಎಕರೆಗಿಂತ ಹೆಚ್ಚಿದ್ದರೆ ಅಥವಾ ಕಟ್ಟಡದ ವಿಸ್ತೀರ್ಣ ಬಹಳ ದೊಡ್ಡದಾಗಿದ್ದರೆ ಮಾತ್ರ ಪರಿಸರ ಅನುಮತಿಯ ಪ್ರಶ್ನೆ ಬರುತ್ತದೆ. ಕೋಲಾರದ ಸುತ್ತ ಆಗುವ ಲೇಔಟುಗಳು ಹೆಚ್ಚಾಗಿ ಎರಡು ಎಕರೆ, ಐದು ಎಕರೆ, ಹತ್ತು ಎಕರೆ. ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಕೃಷಿ ಜಮೀನಿನ ಪರಿವರ್ತನೆ, ಪ್ರಾಧಿಕಾರದ ಅನುಮೋದನೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಎಲ್ಲವೂ ಒಂದೊಂದು ಲೇಔಟಿಗೆ ಬೇರೆ ಬೇರೆಯಾಗಿ ನಡೆಯುತ್ತವೆ. ಒಂದೇ ಕೆರೆಯ ಮೇಲ್ಗಡೆ ಹತ್ತು ವರ್ಷಗಳಲ್ಲಿ ಇಪ್ಪತ್ತು ಸಣ್ಣ ಲೇಔಟುಗಳಾದರೆ ಆ ಕೆರೆಗೆ ಒಟ್ಟಾರೆ ಏನಾಯಿತೆಂದು ಕೇಳುವ ಮೇಜು ಯಾವುದೂ ಇಲ್ಲ. ಅಕ್ಕಪಕ್ಕದ ಜಮೀನಿನವರು ತಮ್ಮತಮ್ಮ ನಕ್ಷೆಗಳನ್ನು ಒಂದೇ ಕಡೆ ಹರಡಿ ನೋಡಿಕೊಂಡರೆ ಅಷ್ಟರ ಮಟ್ಟಿಗೆ ಆ ಕೊರತೆ ತುಂಬುತ್ತದೆ. ನಮ್ಮ ಬಡಗಣ ಪಕ್ಕದವರು ಮುಂದಿನ ವರ್ಷ ಲೇಔಟ್ ಮಾಡುವವರಿದ್ದಾರೆ. ನಮ್ಮ ಹಸಿರು ಪಟ್ಟಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅವರದು ಶುರುವಾಗಲಿ ಎಂದು ಮಾತಾಡಿದ್ದೇವೆ. ಕರಾರೇನೂ ಆಗಿಲ್ಲ, ಮಾತಷ್ಟೇ.

ಇನ್ನು ಮೇಲ್ಮಣ್ಣು ಮತ್ತು ಮರ. ಜೆಸಿಬಿಯವರಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವುದರಿಂದ, ಇಡೀ ಹೊಲವನ್ನು ಒಂದೇ ಸಲ ಕೆರೆದು ಸಮತಟ್ಟು ಮಾಡಿಸಿಬಿಡುವುದು ವಾಡಿಕೆ. ಹಾಗೆ ಕೆರೆದಾಗ ಮೊದಲು ಹೋಗುವುದು ತಲೆಮಾರುಗಳು ಗೊಬ್ಬರ ಹೊತ್ತು ಹಾಕಿದ ಅರ್ಧ ಅಡಿ ಕಪ್ಪುಗೆಂಪು ಮಣ್ಣು. ಅದು ಅಡಿಯ ಗರಸಿನ ಜೊತೆ ಕಲಸಿ ಹೋದರೆ ಮತ್ತೆ ಬೇರ್ಪಡಿಸಲು ಬರುವುದಿಲ್ಲ. ರಸ್ತೆ ಬರುವ ಜಾಗದ ಮೇಲ್ಮಣ್ಣನ್ನು ಮಾತ್ರ ಮೊದಲು ತೆಗೆದು, ಆಳೆತ್ತರ ಮೀರದ ಗುಡ್ಡೆ ಮಾಡಿ, ಮೇಲೆ ಹುರುಳಿ ಚೆಲ್ಲಿ ಹಸಿರು ಹೊದಿಸಿಟ್ಟರೆ, ರಸ್ತೆ ಮುಗಿದ ಮೇಲೆ ಪಾರ್ಕಿಗೂ ಬದಿಯ ಗಿಡಗಳಿಗೂ ಅದೇ ಮಣ್ಣು ಸಾಕು. ಸೈಟುಗಳ ಒಳಗನ್ನು ಕೆರೆಯಲೇಬೇಕಾಗಿಲ್ಲ; ಮನೆ ಕಟ್ಟುವವರು ಬರುವವರೆಗೆ ಅಲ್ಲಿ ಹುಲ್ಲು ಇರಲಿ. ನಮ್ಮ ಕಡೆ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬರುವುದರಿಂದ ಮಣ್ಣಿನ ಕೆಲಸವನ್ನೆಲ್ಲ ಸಂಕ್ರಾಂತಿಯ ನಂತರ ಹಿಡಿದು ಮುಂಗಾರಿಗೆ ಮುಂಚೆ ಮುಗಿಸುವುದು ಒಳ್ಳೆಯದು. ಬಿಚ್ಚು ಮಣ್ಣಿನ ಮೇಲೆ ಹಿಂಗಾರು ಮಳೆ ಬಿದ್ದರೆ ಅದರ ಹೂಳೆಲ್ಲ ನೇರ ಕೆರೆಗೆ.

ಮರದ ವಿಷಯದಲ್ಲಿ ಕಡಿಯುವುದೊಂದೇ ಅಪಾಯವಲ್ಲ. ಕಡಿಯುವುದಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆಯಿದೆ, ಅನುಮತಿ ಬೇಕು. ಆದರೆ ಶ್ರೀನಿವಾಸಪುರ ರಸ್ತೆಯ ಒಂದು ಲೇಔಟಿನಲ್ಲಿ ಉಳಿಸಿದ್ದೇವೆಂದು ಹೆಮ್ಮೆಯಿಂದ ತೋರಿಸಿದ ಹುಣಸೆಮರ ಎರಡೇ ವರ್ಷದಲ್ಲಿ ನಿಂತಲ್ಲೇ ಒಣಗಿದ್ದನ್ನು ನಾನು ನೋಡಿದ್ದೇನೆ. ರಸ್ತೆಯ ಮಟ್ಟಕ್ಕೆ ಸರಿಹೋಗಲಿ ಎಂದು ಅದರ ಬುಡಕ್ಕೆ ಮೂರು ಅಡಿ ಮಣ್ಣು ಏರಿಸಿ, ಮೇಲೆ ರೋಲರ್ ಓಡಿಸಿದ್ದರು. ಮರದ ಉಸಿರಾಡುವ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಪದರದ ಒಂದೆರಡು ಅಡಿಯಲ್ಲೇ ಇರುತ್ತವೆ. ಅವಕ್ಕೆ ಗಾಳಿ ನಿಂತರೆ ಕೊಡಲಿಯೇ ಬೇಕಿಲ್ಲ. ನಮ್ಮ ಜಮೀನಿನಲ್ಲಿ ಎರಡು ಹುಣಸೆ, ಒಂದು ಬೇವು, ಕಾಲುವೆಯ ಬದಿಗೆ ಏಳು ಹೊಂಗೆ ಇವೆ. ಮಧ್ಯಾಹ್ನದ ನೆರಳು ಎಲ್ಲಿಯವರೆಗೆ ಬೀಳುತ್ತದೋ ಅಷ್ಟು ಸುತ್ತಳತೆಗೆ ಸುಣ್ಣದ ಗೆರೆ ಹಾಕಿ, ಅದರೊಳಗೆ ಅಗೆತವೂ ಬೇಡ, ಮಣ್ಣು ಏರಿಸುವುದೂ ಬೇಡ, ಜಲ್ಲಿ ಸುರಿಯುವುದೂ ಬೇಡ ಎಂದು ತೀರ್ಮಾನಿಸಿದ್ದೇವೆ.

ಕೊಳಚೆಯ ವಿಷಯದಲ್ಲಿ ನನಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ. ನಗರದ ಒಳಚರಂಡಿ ನಮ್ಮ ಊರಿನವರೆಗೆ ಬಂದಿಲ್ಲ. ಮನೆಗೊಂದು ತಳವಿಲ್ಲದ ಗುಂಡಿ ತೋಡಿದರೆ 99 ಮನೆಗಳ ಮಲಿನವೆಲ್ಲ ನೆಲದೊಳಗೆ ಇಳಿದು, ಈಗಾಗಲೇ ಫ್ಲೋರೈಡ್ ಇರುವ ನೀರಿಗೆ ನೈಟ್ರೇಟನ್ನೂ ಸೇರಿಸುತ್ತದೆ. ಆದ್ದರಿಂದ ಕೊಳಚೆ ಕೊಳವೆಗಳನ್ನು ತಗ್ಗಿನ ಕಡೆಗೆ ಒಟ್ಟುಗೂಡಿಸಿ ಅಲ್ಲೊಂದು ಸಣ್ಣ ಸಂಸ್ಕರಣಾ ಘಟಕ ಮಾಡುವುದು, ಮಳೆ ನೀರಿನ ಚರಂಡಿಯನ್ನು ಅದಕ್ಕೆ ಎಲ್ಲಿಯೂ ಸೇರಿಸದಿರುವುದು ಎಂದು ಯೋಚಿಸಿದ್ದೇವೆ. ಘಟಕ ಕಟ್ಟುವುದು ಸುಲಭ. ಸೈಟುಗಳೆಲ್ಲ ಮಾರಿದ ಮೇಲೆ ಅದರ ಕರೆಂಟು ಬಿಲ್ಲು ಕಟ್ಟಿ ನಡೆಸುವವರು ಯಾರು ಎಂಬುದು ಕಷ್ಟದ ಪ್ರಶ್ನೆ. ಕರೆಂಟಿಲ್ಲದೆ, ಜಲ್ಲಿ ಮತ್ತು ಗಿಡಗಳ ಮೂಲಕ ನೀರು ಸೋಸುವ ವಿಧಾನ ನಮಗೆ ಹೊಂದಬಹುದೆಂದು ನನ್ನ ಅಭಿಪ್ರಾಯ. ನೆರೆಯ ದೇವನಹಳ್ಳಿಯಲ್ಲಿ ಶೌಚಗುಂಡಿಗಳ ಹೂಳನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ 2015ರಿಂದ ಇದೆ; ಅಣ್ಣಂದಿರನ್ನು ಕರೆದುಕೊಂಡು ಹೋಗಿ ತೋರಿಸಬೇಕೆಂದಿದ್ದೇನೆ. ಮಳೆ ಚರಂಡಿಗಳಿಗೆ ಪ್ರತಿ ತಿರುವಿನಲ್ಲಿ ಹೂಳು ನಿಲ್ಲುವ ತೊಟ್ಟಿ, ಅದರ ಮುಂದೆ ಇಂಗುಗುಂಡಿ, ಹೆಚ್ಚಾದದ್ದು ಪಾರ್ಕಿನ ತಗ್ಗಿಗೆ, ಅಲ್ಲಿಯೂ ಮೀರಿದ್ದು ಕಾಲುವೆಗೆ ಎಂಬುದು ನಕ್ಷೆಯಲ್ಲಿ ಈಗಾಗಲೇ ಇದೆ.

ದೊಡ್ಡಪ್ಪನ ಕಾಲದಲ್ಲಿ ಉತ್ತು ಮುಚ್ಚಿದ ಕಾಲುವೆಯನ್ನು ಮೊದಲು ಬಿಡಿಸಬೇಕಾಗಿದೆ. ಬರುವ ಶನಿವಾರ ಬೆಳಿಗ್ಗೆ ಅದರ ಎರಡೂ ದಡಕ್ಕೆ ಕಲ್ಲು ನೆಡುತ್ತೇವೆ. ಸೈಟಿನ ಕಲ್ಲುಗಳು ಅದಾದ ಮೇಲೆ. ತಾತನಿಗೆ ಈಗ ಕಾಲು ನೋವು ಹೆಚ್ಚಾಗಿದೆ, ಆದರೂ ಬರುತ್ತೇನೆ, ಕುರ್ಚಿಯೊಂದನ್ನು ಹುಣಸೆಮರದ ಕೆಳಗೆ ಹಾಕಿಸು ಎಂದು ಹೇಳಿ ಕಳಿಸಿದ್ದಾರೆ. ಜೆಸಿಬಿ ಓಡಿಸುವ ಹುಡುಗನಿಗೆ ಹಿಂದಿನ ಸಂಜೆಯೇ ಬಂದು ಸುಣ್ಣದ ಗೆರೆಗಳನ್ನು ನನ್ನ ಜೊತೆ ನಡೆದು ನೋಡಿಕೊಂಡು ಹೋಗಲು ತಿಳಿಸಿದ್ದೇನೆ.